ಪಿಕಪ್ ಮೇಲೆ ಟೆಂಟ್, ಕೆಳಗೆ ದೊಡ್ಡ ಟೈರ್: ಕುಟುಂಬ ಸಮೇತ ಕ್ಯಾಂಪಿಂಗ್‌ಗೆ ಹೊರಡುವ ಮುನ್ನ ಕಾನೂನು, ತೂಕ, ವಿಮೆಯ ಲೆಕ್ಕ ತಿಳಿದಿರಲಿ

ಮುಖ್ಯಾಂಶಗಳು:
• ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು
• ಯಾವ ಪರಿಕರ ಸರಿ, ಯಾವುದು ತಪ್ಪು ಎಂಬ ಸ್ಪಷ್ಟ ಪಟ್ಟಿಯ ಕೊರತೆ, ಗೊಂದಲದಲ್ಲಿ ಮಾಲೀಕರು
• ನಾಲ್ವರ ಕುಟುಂಬ ಮತ್ತು ಕ್ಯಾಂಪಿಂಗ್ ಸಾಮಾನು ಸೇರಿದರೆ ವಾಹನದ ತೂಕದ ಮಿತಿ ಸುಲಭವಾಗಿ ಮೀರುತ್ತದೆ
• ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ದಿನ ದುಬಾರಿಯಾಗಬಹುದು

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ನಾಗ್ಪುರದ ಸುತ್ತಲಿನ ಕಾಡುಗಳ ಗೇಟುಗಳು ಮತ್ತೆ ತೆರೆಯುತ್ತವೆ. ಪೆಂಚ್, ತಾಡೋಬಾ, ಉಮ್ರೇಡ್-ಕರ್‌ಹಾಂಡ್ಲಾ, ಬೋರ್, ನವೇಗಾಂವ್-ನಾಗಝಿರಾ ಎಲ್ಲವೂ ಈ ನಗರದಿಂದ ಕೆಲವೇ ಗಂಟೆಗಳ ಹಾದಿ. ಇತ್ತ ಬೆಂಗಳೂರಿನಿಂದ ಸ್ವಂತ ವಾಹನದಲ್ಲಿ ಸ್ಪಿತಿ, ಲಡಾಖ್ ಕಡೆ ಹೊರಡುವ ಕನ್ನಡಿಗರಿಗೂ ನಾಗ್ಪುರ ಚಿರಪರಿಚಿತ. ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಚಿಕ್ಕಬಳ್ಳಾಪುರ, ಅನಂತಪುರ, ಕರ್ನೂಲು, ಹೈದರಾಬಾದ್, ಆದಿಲಾಬಾದ್ ದಾಟಿದರೆ ಸುಮಾರು 1,100 ಕಿ.ಮೀ.ಗೆ ಸಿಗುವ ದೊಡ್ಡ ನಿಲ್ದಾಣವಿದು. ಅಲ್ಲಿಂದ ಮುಂದೆ ಮಧ್ಯಪ್ರದೇಶದ ಸಿವನಿ, ಆಮೇಲೆ ಉತ್ತರ ಭಾರತ.

ಈ ಹಾದಿಯಲ್ಲಿ ಕಾಣುವ ವಾಹನಗಳ ರೂಪ ಇತ್ತೀಚಿನ ವರ್ಷಗಳಲ್ಲಿ ಬದಲಾಗಿದೆ. ಐದು ಸೀಟಿನ ಪಿಕಪ್, ಹಿಂಬದಿಗೆ ಮುಚ್ಚಿಗೆ, ಅದರ ಮೇಲೆ ಮಡಚಿಟ್ಟ ಟೆಂಟ್, ಮುಂದೆ ಕಬ್ಬಿಣದ ಬಂಪರ್ ಹಾಗೂ ವಿಂಚ್, ಕೆಳಗೆ ಹಲ್ಲು ಹಲ್ಲಾದ ದೊಡ್ಡ ಟೈರ್, ಒಳಗೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ನೋಡಲು ಚೆಂದ. ರೀಲ್ಸ್‌ಗಳಲ್ಲಂತೂ ಇನ್ನೂ ಚೆಂದ.

ಆದರೆ ಇದೇ ವಾಹನವನ್ನು ಆರ್‌ಟಿಒ ಅಧಿಕಾರಿಯೊಬ್ಬರು ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿ, ಆರ್‌ಸಿ ಹಿಡಿದು ಒಂದೊಂದಾಗಿ ಹೋಲಿಸಿ ನೋಡಿದರೆ? ಇದೇ ವಾಹನ ಅಪಘಾತಕ್ಕೀಡಾಗಿ ವಿಮಾ ಸರ್ವೇಯರ್ ಬಂದು ನಿಂತರೆ? ಈ ಪ್ರಶ್ನೆಗಳಿಗೆ ಬಹುತೇಕ ಮಾಲೀಕರ ಬಳಿ ಖಚಿತ ಉತ್ತರವಿಲ್ಲ. ತಪ್ಪು ಅವರದ್ದಷ್ಟೇ ಅಲ್ಲ. ಕಾನೂನು ಇದೆ, ತೀರ್ಪೂ ಇದೆ, ಆದರೆ ಸಾಮಾನ್ಯ ಮಾಲೀಕನಿಗೆ ಅರ್ಥವಾಗುವಂಥ ದಾರಿ ಇಲ್ಲ. ಇದು ಕೇಂದ್ರ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು ಪ್ರತಿನಿಧಿಸುವ ನಾಗ್ಪುರದಲ್ಲೇ ಕೇಳಬೇಕಾದ ಪ್ರಶ್ನೆ ಕೂಡ.

ದುಡಿಮೆಯ ಗಾಡಿ ಹವ್ಯಾಸದ ಗಾಡಿಯಾಗಿದ್ದು ಹೇಗೆ?

ಭಾರತದಲ್ಲಿ ಪಿಕಪ್ ಎಂದರೆ ಮೊದಲಿನಿಂದಲೂ ದುಡಿಮೆಯ ಗಾಡಿ. 1988ರಲ್ಲಿ ಬಂದ ಟಾಟಾ ಮೊಬೈಲ್‌ನಿಂದ ಹಿಡಿದು ಇಂದಿನ ಬೊಲೆರೊ ಪಿಕಪ್‌ವರೆಗೆ ತರಕಾರಿ, ಹಾಲು, ಸಿಮೆಂಟು, ಗೊಬ್ಬರ ಸಾಗಿಸುವುದೇ ಅದರ ಕೆಲಸ. ಮಲೆನಾಡಿನ ಕಾಫಿ ತೋಟಗಳಲ್ಲಿ ಫೋರ್ ವೀಲ್ ಡ್ರೈವ್ ಜೀಪು, ಪಿಕಪ್ ಎಂದರೆ ಶೋಕಿಯಲ್ಲ, ಮಳೆಗಾಲದಲ್ಲಿ ಮನೆ ಸೇರುವ ದಾರಿ. ಕೊಡಚಾದ್ರಿ ಏರಿದವರಿಗೆ, ಮಾಂದಲಪಟ್ಟಿಗೆ ಹೋದವರಿಗೆ ಅಲ್ಲಿನ ಜೀಪು ಚಾಲಕರ ಕೈಚಳಕ ಗೊತ್ತೇ ಇರುತ್ತದೆ.

2000ರ ದಶಕದಲ್ಲಿ ಮಹೀಂದ್ರ ಸ್ಕಾರ್ಪಿಯೊ ಗೆಟ್‌ಅವೇ, ಟಾಟಾ ಕ್ಸೆನಾನ್ ಬಂದಾಗ ಪಿಕಪ್ ಅನ್ನು ಕುಟುಂಬದ ವಾಹನವಾಗಿ ನೋಡುವವರು ಬೆರಳೆಣಿಕೆಯಷ್ಟಿದ್ದರು. ಚಿತ್ರ ಬದಲಾಗಿದ್ದು 2016ರಲ್ಲಿ. ಆಂಧ್ರಪ್ರದೇಶದ ಶ್ರೀಸಿಟಿಯ ಕಾರ್ಖಾನೆಯಿಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಬಂತು. 2022ರಲ್ಲಿ ಟೊಯೋಟಾ ಹೈಲಕ್ಸ್ ಬಂತು, ಅದು ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ಇವೆರಡನ್ನೂ ಖಾಸಗಿ ವಾಹನವಾಗಿ, ಬಿಳಿ ನಂಬರ್ ಪ್ಲೇಟ್‌ನಲ್ಲಿ ನೋಂದಾಯಿಸಬಹುದು. ಕೊರೊನಾ ನಂತರ ಹೋಟೆಲ್ ಬಿಟ್ಟು ಬಯಲಲ್ಲಿ ಉಳಿಯುವ ಆಸೆಯೂ ಸೇರಿಕೊಂಡಿತು. ಹಿಂಬದಿ ಖಾಲಿ ಇರುವ, ಗಟ್ಟಿ ಚಾಸಿಯ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವಾಹನ ಅದಕ್ಕೆ ಹೇಳಿ ಮಾಡಿಸಿದಂತಿತ್ತು.

ಇದರ ಬೆನ್ನಿಗೇ ಮಾರ್ಪಾಡಿನ ಮಾರುಕಟ್ಟೆಯೂ ಬೆಳೆಯಿತು. ಲಿಫ್ಟ್ ಕಿಟ್, ಸ್ನಾರ್ಕೆಲ್, ವಿಂಚ್, ಲೈಟ್ ಬಾರ್, ಟೆಂಟ್, ಡ್ರಾಯರ್, ಫ್ರಿಜ್, ಎರಡನೇ ಬ್ಯಾಟರಿ ಎಲ್ಲವೂ ಆನ್‌ಲೈನ್‌ನಲ್ಲಿ ಬಹಿರಂಗವಾಗಿಯೇ ಸಿಗುತ್ತವೆ, ಜಿಎಸ್‌ಟಿ ಬಿಲ್ ಸಮೇತ. ಮಾರುವವನಿಗೆ ತೊಂದರೆಯಿಲ್ಲ, ಕೂರಿಸುವ ಗ್ಯಾರೇಜಿಗೂ ತೊಂದರೆಯಿಲ್ಲ. ಪ್ರಶ್ನೆ ಎದುರಾಗುವುದು ರಸ್ತೆಗಿಳಿಯುವ ಮಾಲೀಕನಿಗೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇಲ್ಲಿ ಮುಖ್ಯ. ಆರ್‌ಸಿಯಲ್ಲಿರುವ ವಿವರಗಳು ತಯಾರಕ ಕಂಪನಿ ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂಬುದು ಅದರ ಸಾರ. ಸಿಎನ್‌ಜಿ, ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಬದಲಿಸುವ ಕಿಟ್‌ಗಳಿಗೆ, ಅಂಗವಿಕಲರ ಅನುಕೂಲಕ್ಕೆ ಮಾಡುವ ಬದಲಾವಣೆಗೆ ಅನುಮತಿಯ ದಾರಿ ಇದೆ. ಕ್ಯಾಂಪಿಂಗ್‌ಗಾಗಲೀ ಆಫ್‌ರೋಡಿಂಗ್‌ಗಾಗಲೀ ಅಂಥ ಪ್ರತ್ಯೇಕ ಪ್ರಸ್ತಾಪ ಸೆಕ್ಷನ್‌ನಲ್ಲಿಲ್ಲ.

2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಈ ಸೆಕ್ಷನ್ ಅನ್ನು ಬಿಗಿಯಾಗಿಯೇ ವ್ಯಾಖ್ಯಾನಿಸಿತು. ವಾಹನದ ಮಾದರಿಯನ್ನು ಪರೀಕ್ಷೆಗೊಳಪಡಿಸಿ, ಪ್ರಮಾಣೀಕರಿಸಿದ ನಂತರವೇ ಕಂಪನಿ ಅದನ್ನು ಮಾರುತ್ತದೆ. ಹೀಗಿರುವಾಗ ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆಗೆ ಅವಕಾಶವಿಲ್ಲ ಎಂದಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಗಳಲ್ಲಿ ಸೆಕ್ಷನ್ 182ಎ ಸೇರಿತು. ಅದರಂತೆ ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ. 'ಪ್ರತಿ ಮಾರ್ಪಾಡಿಗೆ' ಎಂಬ ಮಾತನ್ನು ಗಮನಿಸಿ. ಐದು ಬದಲಾವಣೆ ಎಂದರೆ ದಂಡವೂ ಐದು ಪಟ್ಟು.

ಹಾಗಾದರೆ ಟೆಂಟ್ ಕಟ್ಟಿದರೂ ಅಪರಾಧವೇ? ಹಾಗೇನಿಲ್ಲ. ಸೆಕ್ಷನ್ 52ರ ವಿವರಣೆಯಲ್ಲೇ 'ಮಾರ್ಪಾಡು' ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಎಂದಿದೆ. ಗೊಂದಲ ಹುಟ್ಟುವುದೂ ಇಲ್ಲೇ. ಮೂಲ ಲಕ್ಷಣ ಎಂದರೆ ಯಾವುದು? ಎತ್ತರವೇ, ತೂಕವೇ, ಟೈರಿನ ಅಳತೆಯೇ, ಬಂಪರ್ ಆಕಾರವೇ? ಇದಕ್ಕೆ ಉತ್ತರ ಹೇಳುವ ಸರಳ ಪಟ್ಟಿ ಮಾಲೀಕನ ಕೈಯಲ್ಲಿಲ್ಲ. ಹೀಗಾಗಿ ತೀರ್ಮಾನ ರಸ್ತೆಯಲ್ಲಿ ನಿಂತ ಅಧಿಕಾರಿಯ ವಿವೇಚನೆಗೆ ಬಿಟ್ಟಿದ್ದು ಎಂಬಂತಾಗಿದೆ. ಬೆಂಗಳೂರಿನಿಂದ ನಾಗ್ಪುರ ಮುಟ್ಟುವಷ್ಟರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ ಹೀಗೆ ನಾಲ್ಕು ರಾಜ್ಯಗಳ ಅಧಿಕಾರಿಗಳ ವಿವೇಚನೆ ದಾಟಬೇಕು.

ಎಲ್ಲಿ ಗೆರೆ ಎಳೆಯಬಹುದು?

ಕಾಯ್ದೆಯ ಮಾತು, ಈವರೆಗಿನ ಕ್ರಮಗಳನ್ನು ಒಟ್ಟಿಗೆ ನೋಡಿದರೆ ಮಾರ್ಪಾಡುಗಳನ್ನು ಮೂರು ಗುಂಪು ಮಾಡಿಕೊಳ್ಳಬಹುದು.

ಮೊದಲನೆಯದು, ಬಿಚ್ಚಿ ಕೆಳಗಿಳಿಸಬಹುದಾದ ಸಾಮಾನು. ಫ್ರಿಜ್, ನೀರಿನ ಕ್ಯಾನ್, ಅಡುಗೆ ಪೆಟ್ಟಿಗೆ, ಮಡಚುವ ಕುರ್ಚಿ, ಏರ್ ಕಂಪ್ರೆಸರ್, ಎಳೆಯುವ ಪಟ್ಟಿ, ನೆಲದ ಮೇಲೆ ಹಾಕುವ ಟೆಂಟ್. ಇವು ಮಾರ್ಪಾಡಲ್ಲ, ಲಗೇಜು. ಇವುಗಳಿಗೆ ಅನ್ವಯಿಸುವುದು ತೂಕದ ಮಿತಿ, ಹೊರಚಾಚುವಿಕೆಯ ನಿಯಮ ಅಷ್ಟೇ.

ಎರಡನೆಯದು, ಬೋಲ್ಟ್ ಹಾಕಿ ಕೂರಿಸುವ ಆದರೆ ಚಾಸಿ ಕತ್ತರಿಸದ ಪರಿಕರ. ಹಿಂಬದಿಯ ಕ್ಯಾನಪಿ, ಛಾವಣಿಯ ರ‍್ಯಾಕ್, ಅದರ ಮೇಲಿನ ಟೆಂಟ್, ಎರಡನೇ ಬ್ಯಾಟರಿ ಈ ಗುಂಪಿಗೆ ಸೇರುತ್ತವೆ. ಗೊಂದಲ ಹೆಚ್ಚಿರುವುದು ಇಲ್ಲೇ. ವಾಹನ ಕಂಪನಿಯ ಅಧಿಕೃತ ಪರಿಕರವನ್ನು ಡೀಲರ್ ಬಳಿಯೇ ಹಾಕಿಸಿ, ಬಿಲ್ಲಿನಲ್ಲಿ ನಮೂದಿಸಿಕೊಂಡರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

ಮೂರನೆಯದು, ಕೈ ಹಾಕದೇ ಇರುವುದೇ ಒಳಿತು ಎನ್ನುವಂಥವು. ಚಾಸಿ ಕತ್ತರಿಸುವುದು, ವೆಲ್ಡಿಂಗ್ ಮಾಡಿ ಮನೆಯಂಥ ಪೆಟ್ಟಿಗೆ ಕೂರಿಸುವುದು, ಹೆಚ್ಚುವರಿ ಸೀಟು ಅಳವಡಿಸುವುದು, ಹೊಗೆ ಶುದ್ಧೀಕರಣದ ಫಿಲ್ಟರ್ ಕಿತ್ತುಹಾಕುವುದು, ಸೈಲೆನ್ಸರ್ ಬದಲಿಸುವುದು. ಮಾಲಿನ್ಯ, ಶಬ್ದ, ಸುರಕ್ಷತೆಯ ಮಾನದಂಡ ಮುರಿದರೆ ಸೆಕ್ಷನ್ 190ರಡಿ ಪ್ರತ್ಯೇಕವಾಗಿ 10,000 ರೂ.ವರೆಗೆ ದಂಡವಿದೆ. ಮುಂಬದಿಯ ಬುಲ್ ಬಾರ್ ಕೂಡ ಇದೇ ಗುಂಪು. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದು ಸೆಕ್ಷನ್ 52ರ ಉಲ್ಲಂಘನೆ, ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಪತ್ರ ಬರೆದಿತ್ತು. ಕಣ್ಣು ಕುಕ್ಕುವ ಎಲ್ಇಡಿ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ರಾಜ್ಯವ್ಯಾಪಿ ಕಾರ್ಯಾಚರಣೆ ನಡೆಸಿದ್ದನ್ನು ಓದುಗರು ಮರೆತಿರಲಾರರು.

ಕೇರಳ ಕಲಿಸಿದ ಪಾಠ

ಈ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ ಎಂದುಕೊಂಡವರಿಗೆ 2021ರ ಆಗಸ್ಟ್‌ನಲ್ಲಿ ಕಣ್ಣೂರಿನಲ್ಲಿ ನಡೆದದ್ದು ಎಚ್ಚರಿಕೆ. 'ಇ-ಬುಲ್ ಜೆಟ್' ಹೆಸರಿನ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ ಸಹೋದರರು ವ್ಯಾನ್ ಒಂದನ್ನು ಓಡಾಡುವ ಮನೆಯನ್ನಾಗಿ ಮಾರ್ಪಡಿಸಿ ದೇಶ ಸುತ್ತುತ್ತಿದ್ದರು. ಮೋಟಾರು ವಾಹನ ಇಲಾಖೆ ಅದನ್ನು ವಶಪಡಿಸಿಕೊಂಡು 42,400 ರೂ. ಕಟ್ಟುವಂತೆ ಸೂಚಿಸಿತು. ಆರ್‌ಟಿಒ ಕಚೇರಿಯಲ್ಲಿ ಗಲಾಟೆಯಾಗಿ ಸಹೋದರರ ಬಂಧನವೂ ಆಯಿತು. ನಂತರ ವಾಹನದ ನೋಂದಣಿಯನ್ನೇ ಅಮಾನತು ಮಾಡಲಾಯಿತು. 2024ರ ಮೇನಲ್ಲಿ ಆಲಪ್ಪುಳದ ಯೂಟ್ಯೂಬರ್ ಒಬ್ಬರು ಸಫಾರಿ ಕಾರಿನೊಳಗೆ ಈಜುಕೊಳ ಮಾಡಿ ರಸ್ತೆಯಲ್ಲೇ ನೀರು ಒಡೆದುಹೋದ ಪ್ರಕರಣವೂ ದೊಡ್ಡ ಸುದ್ದಿಯಾಯಿತು.

ಈಜುಕೊಳದ ಹುಚ್ಚಾಟವನ್ನೂ, ಮಕ್ಕಳ ಜೊತೆ ಕ್ಯಾಂಪಿಂಗ್ ಹೋಗಲು ಟೆಂಟ್ ಕೂರಿಸಿದ ಮಧ್ಯಮ ವರ್ಗದ ಕುಟುಂಬವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಇಂದಿನ ಕಾನೂನಿನ ಎದುರು ಎರಡೂ ಒಂದೇ ಸೆಕ್ಷನ್‌ನ ಪ್ರಶ್ನೆಯಾಗಬಲ್ಲವು. ಯಾರ ಮೇಲೆ ಕ್ರಮ ಎಂಬುದು ಎಷ್ಟೋ ಸಲ ವಿಡಿಯೊ ಎಷ್ಟು ವೈರಲ್ ಆಯಿತು ಎಂಬುದರ ಮೇಲೆ ನಿಂತಂತೆ ಕಾಣುತ್ತದೆ. ಅಪಾಯ ಎಷ್ಟಿತ್ತು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ.

ಪೊಲೀಸರಿಗಿಂತ ಮೊದಲು ತೂಕಕ್ಕೆ ಹೆದರಬೇಕು

ದಂಡ ಕಟ್ಟಿದರೆ ಮುಗಿಯಿತು ಎನ್ನುವವರಿದ್ದಾರೆ. ಆದರೆ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಕೇಳುವುದು ಆರ್‌ಸಿಯನ್ನಲ್ಲ, ತೂಕವನ್ನು. ಪಿಕಪ್ ಎಂದರೆ ಎಷ್ಟು ಹೇರಿದರೂ ತಡೆಯುತ್ತದೆ ಎಂಬುದೇ ದೊಡ್ಡ ತಪ್ಪು ಕಲ್ಪನೆ. ಐದು ಸೀಟಿನ ಪಿಕಪ್‌ಗಳನ್ನು ಆರಾಮದ ಸವಾರಿಗೆ ಹೊಂದಿಸಿರುವುದರಿಂದ ಸರಕಿನ ಪಿಕಪ್‌ನಷ್ಟು ಭಾರ ಅವು ಹೊರುವುದಿಲ್ಲ.

ಲೆಕ್ಕ ಸುಲಭ. ಆರ್‌ಸಿ ತೆಗೆದು ನೋಡಿ. ಖಾಲಿ ವಾಹನದ ತೂಕ, ಭಾರ ಸಹಿತ ಗರಿಷ್ಠ ತೂಕ ಎರಡೂ ಅದರಲ್ಲಿರುತ್ತವೆ. ಎರಡರ ವ್ಯತ್ಯಾಸವೇ ನೀವು ಹೇರಬಹುದಾದ ಒಟ್ಟು ಭಾರ. ಜನರೂ ಅದರೊಳಗೇ ಬರುತ್ತಾರೆ ಎಂಬುದನ್ನು ಹಲವರು ಮರೆಯುತ್ತಾರೆ.

ಉದಾಹರಣೆಗೆ ಈ ವ್ಯತ್ಯಾಸ 500 ಕೆ.ಜಿ. ಎಂದಿಟ್ಟುಕೊಳ್ಳಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸೇರಿ 210 ಕೆ.ಜಿ. ಕ್ಯಾನಪಿ 70. ಛಾವಣಿಯ ಟೆಂಟ್ 60. ಕಬ್ಬಿಣದ ಬಂಪರ್ ಮತ್ತು ವಿಂಚ್ 90. ನೀರು 50 ಲೀಟರ್ ಎಂದರೆ 50 ಕೆ.ಜಿ. ಫ್ರಿಜ್ ಮತ್ತು ಎರಡನೇ ಬ್ಯಾಟರಿ 50. ಇನ್ನೊಂದು ಸ್ಟೆಪ್ನಿ, ಜಾಕ್, ಸಲಕರಣೆ 60. ಒಲೆ, ದಿನಸಿ, ಹಾಸಿಗೆ, ಕುರ್ಚಿ 60. ಒಟ್ಟು 650 ಕೆ.ಜಿ. ಅಂದರೆ ಅಜ್ಜ-ಅಜ್ಜಿ ಹತ್ತುವ ಮೊದಲೇ ಮಿತಿಗಿಂತ 150 ಕೆ.ಜಿ. ಹೆಚ್ಚು. ಬಂಪರ್ ಮತ್ತು ವಿಂಚ್ ಬಿಟ್ಟರೆ 90 ಕೆ.ಜಿ. ಇಳಿಯುತ್ತದೆ. ಛಾವಣಿಯ ಟೆಂಟ್ ಬದಲು ನೆಲದ ಟೆಂಟ್ ಒಯ್ದರೆ ಇನ್ನಷ್ಟು ಇಳಿಯುತ್ತದೆ. ನಾಗ್ಪುರದಿಂದ ಪೆಂಚ್‌ಗೆ, ಬೆಂಗಳೂರಿನಿಂದ ಸಕಲೇಶಪುರಕ್ಕೆ ಡಾಂಬರು ರಸ್ತೆಯಲ್ಲಿ ಹೋಗುವ ಕುಟುಂಬಕ್ಕೆ ವಿಂಚ್ ನಿಜಕ್ಕೂ ಬೇಕೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಮಿತಿ ಮೀರಿದ ಭಾರಕ್ಕೆ ಸೆಕ್ಷನ್ 194ರಡಿ 20,000 ರೂ. ದಂಡವಿದೆ, ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. ಬೇರೆ.

ಭಾರ ಎಲ್ಲಿದೆ ಎಂಬುದೂ ಮುಖ್ಯ. ಛಾವಣಿಯ ಮೇಲಿನ 60 ಕೆ.ಜಿ.ಯೂ ನೆಲದ ಮೇಲಿನ 60 ಕೆ.ಜಿ.ಯೂ ಒಂದೇ ಅಲ್ಲ. ಮೇಲೆ ಹೇರಿದಷ್ಟೂ ತಿರುವಿನಲ್ಲಿ ವಾಹನ ಓಲಾಡುತ್ತದೆ. ನಿಂತ ವಾಹನದ ಛಾವಣಿ ತಡೆಯುವ ಭಾರಕ್ಕೂ ಓಡುವ ವಾಹನದ ಛಾವಣಿ ತಡೆಯುವ ಭಾರಕ್ಕೂ ವ್ಯತ್ಯಾಸವಿದೆ. ವಾಹನದ ಕೈಪಿಡಿಯಲ್ಲಿ ಕೊಟ್ಟಿರುವ ಛಾವಣಿ ಮಿತಿ ಓಡುವಾಗಿನದ್ದು.

ಎತ್ತರಿಸಿದರೆ ಬದಲಾಗುವುದು ಎತ್ತರ ಮಾತ್ರವಲ್ಲ

ಲಿಫ್ಟ್ ಕಿಟ್ ಹಾಕಿಸಿ ಎರಡು ಇಂಚು ಮೇಲೆತ್ತಿದರೆ ಕಲ್ಲು, ಹಳ್ಳ ದಾಟುವುದು ಸುಲಭವಾಗುತ್ತದೆ ನಿಜ. ಜೊತೆಗೆ ವಾಹನದ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಮುಂಬದಿಯ ಡ್ರೈವ್ ಶಾಫ್ಟ್‌ಗಳ ಕೋನ ಬದಲಾಗಿ ಕೀಲುಗಳು ಬೇಗ ಸವೆಯುತ್ತವೆ. ಬ್ರೇಕ್ ಪೈಪುಗಳ ಉದ್ದ ಸಾಲದೇ ಹೋಗಬಹುದು. ಹೆಡ್‌ಲೈಟ್ ಎದುರಿನವರ ಕಣ್ಣಿಗೇ ನೇರ ಬೀಳುತ್ತದೆ. ವಾಹನ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಕಂಪನಿ ಹೊಂದಿಸಿರುವುದು ಮೂಲ ಎತ್ತರ, ಮೂಲ ಟೈರಿಗೆ.

ಟೈರಿನ ವಿಷಯವೂ ಹಾಗೆಯೇ. ಈ ಪಿಕಪ್‌ಗಳ ಮೂಲ ಟೈರಿನ ವ್ಯಾಸ ಸುಮಾರು 30 ಇಂಚು. ಅದರ ಜಾಗದಲ್ಲಿ 33 ಇಂಚಿನದ್ದು ಹಾಕಿದರೆ ಪ್ರತಿ ಸುತ್ತಿಗೆ ಶೇ 10ರಷ್ಟು ಹೆಚ್ಚು ದೂರ ಹೋಗುತ್ತದೆ. ಸ್ಪೀಡೋಮೀಟರ್ 80 ತೋರಿಸುವಾಗ ನಿಜವಾದ ವೇಗ 88. ಬ್ರೇಕ್ ಹಿಡಿಯಲು ಬೇಕಾಗುವ ದೂರ ಹೆಚ್ಚುತ್ತದೆ, ಮೈಲೇಜ್ ಇಳಿಯುತ್ತದೆ. ಕಂಪನಿಯೇ ಆ ಮಾದರಿಗೆ ಸೂಚಿಸಿದ ಅಳತೆಯಲ್ಲಿ ಒಳ್ಳೆಯ ಆಲ್ ಟೆರೇನ್ ಟೈರ್ ಹಾಕಿ, ಮಣ್ಣಿಗಿಳಿದಾಗ ಗಾಳಿ ಸ್ವಲ್ಪ ಕಡಿಮೆ ಮಾಡಿ, ಮತ್ತೆ ಡಾಂಬರಿಗೆ ಬಂದಾಗ ಕಂಪ್ರೆಸರ್‌ನಿಂದ ತುಂಬಿಸಿಕೊಳ್ಳುವುದು ಕಡಿಮೆ ಖರ್ಚಿನ, ಕಾನೂನಿನ ತಕರಾರಿಲ್ಲದ ಉಪಾಯ.

ಬುಲ್ ಬಾರ್ ಬಗ್ಗೆ ಸರ್ಕಾರ ಏಕೆ ಕಟ್ಟುನಿಟ್ಟು ಎಂಬುದಕ್ಕೂ ಕಾರಣವಿದೆ. ಡಿಕ್ಕಿಯಾದಾಗ ವಾಹನದ ಮುಂಭಾಗ ನಜ್ಜುಗುಜ್ಜಾಗುವಂತೆಯೇ ರೂಪಿಸಿರುತ್ತಾರೆ. ಏಟಿನ ಬಲವನ್ನು ಅದು ಹೀರಿಕೊಂಡು ಒಳಗಿನವರನ್ನು ಕಾಯುತ್ತದೆ. ಗಟ್ಟಿ ಕಬ್ಬಿಣ ಅಡ್ಡ ಬಂದರೆ ಆ ಬಲ ನೇರ ಚಾಸಿಗೆ ಹೋಗುತ್ತದೆ, ಏರ್‌ಬ್ಯಾಗ್ ತೆರೆದುಕೊಳ್ಳುವ ಸಮಯವೂ ಏರುಪೇರಾಗಬಹುದು. ಎದುರಿಗೆ ಸಿಕ್ಕ ಪಾದಚಾರಿ, ಬೈಕ್ ಸವಾರನ ಗತಿಯಂತೂ ಹೇಳುವುದೇ ಬೇಡ.

ವಿಮೆ: ಮುಚ್ಚಿಟ್ಟರೆ ನಷ್ಟ ನಿಮಗೇ

ಮಾರ್ಪಾಡಿನ ನಿಜವಾದ ಬೆಲೆ ಗೊತ್ತಾಗುವುದು ಕ್ಲೇಮ್ ದಿನ. ಮೂಲ ವಾಹನದ ವಿವರ ಕೊಟ್ಟು ಪಾಲಿಸಿ ಮಾಡಿಸಿ, ಆಮೇಲೆ ಲಕ್ಷಾಂತರ ರೂಪಾಯಿ ಸುರಿದು ಬದಲಾಯಿಸಿದ್ದರೆ ಕಂಪನಿಗೆ ಅದು ಬೇರೆಯೇ ವಾಹನ. ತಿಳಿಸದೇ ಇದ್ದದ್ದನ್ನೇ ಮುಂದಿಟ್ಟು ಸ್ವಂತ ಹಾನಿಯ ಕ್ಲೇಮ್ ಕಡಿತ ಮಾಡಬಹುದು, ತಿರಸ್ಕರಿಸಲೂಬಹುದು. ಮೂಲ ಬೆಲೆಯಲ್ಲಿ ಸೇರದ ಎಲೆಕ್ಟ್ರಿಕಲ್ ಪರಿಕರಗಳಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ರಕ್ಷಣೆ ಪಡೆಯುವ ವ್ಯವಸ್ಥೆ ಹಿಂದಿನಿಂದಲೂ ಇದೆ. ಮೋಟಾರು ವಿಮೆಯ ಐಎಂಟಿ-24 ಎಂಬ ಷರತ್ತಿನಲ್ಲಿ ಇದು ಪರಿಕರದ ಬೆಲೆಯ ಶೇ 4. 50,000 ರೂ. ಬೆಲೆಯ ಫ್ರಿಜ್ ಮತ್ತು ಬ್ಯಾಟರಿ ವ್ಯವಸ್ಥೆಗೆ ವರ್ಷಕ್ಕೆ 2,000 ರೂ. ಆಗುತ್ತದೆ.

ಇಲ್ಲೇ ಕಾನೂನಿನ ಗೊಂದಲ ಕುಟುಂಬದ ಸುರಕ್ಷತೆಗೆ ತಾಗುವುದು. ಹೇಳಿದರೆ 'ಇದು ಅಕ್ರಮ' ಎನ್ನುತ್ತಾರೇನೋ ಎಂಬ ಭಯಕ್ಕೆ ಮಾಲೀಕರು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮಾರ್ಪಾಡನ್ನು ಯಾವ ಎಂಜಿನಿಯರ್ ಕೂಡ ಪರೀಕ್ಷಿಸುವುದಿಲ್ಲ, ಯಾವ ವಿಮೆಯೂ ಕಾಯುವುದಿಲ್ಲ.

ಹಿಂಬದಿಯಲ್ಲಿ ಮಕ್ಕಳನ್ನು ಕೂರಿಸಬೇಡಿ

ಕ್ಯಾಂಪ್ ತಾಣದ ಹತ್ತಿರ ಬಂದಾಗ ಮಕ್ಕಳು ಹಿಂಬದಿಯ ತೆರೆದ ಭಾಗದಲ್ಲಿ ನಿಂತು ಕೂಗಾಡುವ ದೃಶ್ಯ ಅನೇಕ ವಿಡಿಯೊಗಳಲ್ಲಿದೆ. ಅಲ್ಲಿ ಸೀಟಿಲ್ಲ, ಬೆಲ್ಟಿಲ್ಲ. ಅದು ಸರಕಿನ ಜಾಗ.

ಈ ಜಾಗದಲ್ಲಿ ಕೂತು ಪ್ರಾಣ ಕಳೆದುಕೊಳ್ಳುವವರು ನಮ್ಮ ದೇಶದಲ್ಲಿ ಹೆಚ್ಚಾಗಿ ಬಡವರು. ನಾಗ್ಪುರದಿಂದ ಈಶಾನ್ಯಕ್ಕಿರುವ ಛತ್ತೀಸ್‌ಗಢದ ಕಬೀರ್‌ಧಾಮ್ ಜಿಲ್ಲೆಯಲ್ಲಿ 2024ರ ಮೇ 20ರಂದು ಬೀಡಿ ಎಲೆ ಸಂಗ್ರಹಿಸಿ ಮರಳುತ್ತಿದ್ದ ಬೈಗಾ ಬುಡಕಟ್ಟಿನವರಿದ್ದ ಪಿಕಪ್ ಕಂದಕಕ್ಕೆ ಉರುಳಿ 19 ಮಂದಿ ಸತ್ತರು. ನಮ್ಮಲ್ಲೇ 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು, ತರಕಾರಿ ವ್ಯಾಪಾರಿಗಳ ಲಾರಿ ಯಲ್ಲಾಪುರ ಬಳಿ ಉರುಳಿ 10 ಮಂದಿ ಮೃತಪಟ್ಟರು. ಅವರಿಗೆ ಬೇರೆ ದಾರಿ ಇರಲಿಲ್ಲ. ಐದು ಸೀಟು, ಐದು ಬೆಲ್ಟು ಇರುವ ವಾಹನದ ಕುಟುಂಬಕ್ಕೆ ಆ ಅನಿವಾರ್ಯತೆ ಇಲ್ಲ.

ಪರಿಹಾರದ ಪ್ರಶ್ನೆಯೂ ಇದೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಹಳದಿ ನಂಬರ್ ಪ್ಲೇಟ್‌ನ ಪಿಕಪ್ ಕೊಂಡು ಕ್ಯಾಂಪರ್ ಮಾಡಿಕೊಳ್ಳಲು ಹೊರಟವರು ಇದನ್ನು ಓದಿಕೊಳ್ಳಲೇಬೇಕು.

ಕಾಡು ಯಾರ ಆಟದ ಮೈದಾನವೂ ಅಲ್ಲ

ವಾಹನ ಸಿದ್ಧವಾಯಿತು ಎಂದರೆ ಎಲ್ಲಿ ಬೇಕಾದರೂ ನುಗ್ಗಬಹುದು ಎಂದಲ್ಲ. 2024ರ ಡಿಸೆಂಬರ್ 31ರಂದು ನಾಗ್ಪುರ ಸಮೀಪದ ಉಮ್ರೇಡ್-ಕರ್‌ಹಾಂಡ್ಲಾ ಅಭಯಾರಣ್ಯದಲ್ಲಿ ಸಫಾರಿ ವಾಹನಗಳು ಹೆಣ್ಣು ಹುಲಿ ಮತ್ತು ಅದರ ಮರಿಗಳ ದಾರಿಗೆ ಅಡ್ಡ ನಿಂತ ವಿಡಿಯೊ ದೇಶವನ್ನೇ ಕೆರಳಿಸಿತು. ಬಾಂಬೆ ಹೈಕೋರ್ಟ್‌ನ ನಾಗ್ಪುರ ಪೀಠ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು, ಚಾಲಕರು ಮತ್ತು ಗೈಡ್‌ಗಳು ಅಮಾನತಾದರು. ಪರವಾನಗಿ ಇದ್ದ ಸಫಾರಿ ವಾಹನಗಳ ಕಥೆಯೇ ಹೀಗಿದ್ದರೆ ಅನುಮತಿಯಿಲ್ಲದೆ ನುಗ್ಗುವ ಖಾಸಗಿ ಪಿಕಪ್ ಬಗ್ಗೆ ಹೇಳಬೇಕಿಲ್ಲ. ಕರ್ನಾಟಕದಲ್ಲೂ 1963ರ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೀಸಲು ಅರಣ್ಯ, ಅಭಯಾರಣ್ಯಗಳಿಗೆ ಅಕ್ರಮ ಪ್ರವೇಶ ಅಪರಾಧ. ಹಳ್ಳದಲ್ಲಿ ವಾಹನ ಓಡಿಸಿ ನೀರು ಚಿಮ್ಮಿಸುವ 15 ಸೆಕೆಂಡಿನ ವಿಡಿಯೊಗೆ ಕೆಳಗಿನ ಊರಿನವರು ಕುಡಿಯುವ ನೀರು ರಾಡಿಯಾಗುತ್ತದೆ.

ಅಧಿಕೃತ ಕ್ಯಾಂಪ್ ತಾಣ, ಮಾಲೀಕರ ಒಪ್ಪಿಗೆ ಪಡೆದ ಎಸ್ಟೇಟ್, ಆಫ್‌ರೋಡಿಂಗ್‌ಗೆಂದೇ ಇರುವ ಖಾಸಗಿ ಟ್ರ್ಯಾಕ್ ಇವೆಲ್ಲ ಇರುವಾಗ ಕಾಡಿನ ಗಡಿ ಮುರಿಯುವ ಅಗತ್ಯವಿಲ್ಲ. ಪೆಂಚ್‌ನ ಮಹಾರಾಷ್ಟ್ರ ಭಾಗ 2024ರ ಜನವರಿಯಲ್ಲಿ ದೇಶದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಎಂಬ ಮಾನ್ಯತೆ ಪಡೆದಿದೆ. ಕತ್ತಲನ್ನು ಕಾಪಾಡಿ ನಕ್ಷತ್ರ ನೋಡುವ ಅಂಥ ಜಾಗದ ಪಕ್ಕಕ್ಕೆ ಕಣ್ಣು ಕುಕ್ಕುವ ಲೈಟ್ ಬಾರ್ ಒಯ್ದರೆ ಹೋದ ಉದ್ದೇಶವೇ ಹಾಳಾಗುತ್ತದೆ.

ಬೇರೆಡೆ ಹೇಗಿದೆ? ಇಲ್ಲಿ ಏನಾಗಬೇಕು?

ಆಸ್ಟ್ರೇಲಿಯಾದಲ್ಲಿ ಪಿಕಪ್‌ಗೆ ಟೆಂಟ್ ಕಟ್ಟಿ ಕುಟುಂಬ ಸಮೇತ ಮರುಭೂಮಿ ಸುತ್ತುವುದು ಮಾಮೂಲು. ಅಲ್ಲಿ ವಿಎಸ್‌ಬಿ 14 ಎಂಬ ರಾಷ್ಟ್ರೀಯ ಸಂಹಿತೆ ಇದೆ. ಸಣ್ಣ ಬದಲಾವಣೆಗೆ ಪ್ರಮಾಣಪತ್ರ ಬೇಡ, ಮಿತಿ ದಾಟಿದರೆ ಮಾನ್ಯತೆ ಪಡೆದ ಎಂಜಿನಿಯರ್ ಪರೀಕ್ಷಿಸಿ ಸಹಿ ಹಾಕಬೇಕು. ಸ್ಪ್ರಿಂಗ್ ಮುಂತಾದವನ್ನು ಬಲಪಡಿಸಿ, ವಾಹನ ಹೊರಬಹುದಾದ ಗರಿಷ್ಠ ತೂಕವನ್ನೇ ಕಾನೂನುಬದ್ಧವಾಗಿ ಹೆಚ್ಚಿಸಿಕೊಳ್ಳಬಹುದು. ಜರ್ಮನಿಯಲ್ಲಿ ಟಿಯುವಿಯಂಥ ಸಂಸ್ಥೆಗಳು ಪರೀಕ್ಷಿಸಿದ ಬದಲಾವಣೆ ವಾಹನದ ದಾಖಲೆಯಲ್ಲೇ ನಮೂದಾಗುತ್ತದೆ.

ನಮ್ಮಲ್ಲಿ ಇದಕ್ಕೆ ಬೇಕಾದ ತಳಹದಿ ಇಲ್ಲವೇ ಎಂದರೆ ಇದೆ. ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಗಳಿವೆ. ಮೋಟಾರ್ ಕ್ಯಾರವಾನ್‌ಗಳಿಗಾಗಿ ಎಐಎಸ್-124 ಎಂಬ ಮಾನದಂಡವಿದೆ. ಮಹಾರಾಷ್ಟ್ರ, ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿವೆ. ಆದರೆ ಇವೆಲ್ಲ ವಾಹನ ತಯಾರಿಸುವ, ಬಾಡಿಗೆಗೆ ಓಡಿಸುವ ಉದ್ಯಮಕ್ಕೆ ಹೊಂದುವ ದಾರಿ. ಒಂದೇ ಪಿಕಪ್ ಇರುವ ಶಿಕ್ಷಕರೋ ಎಂಜಿನಿಯರೋ ಅದಕ್ಕೆ ಟೆಂಟ್ ಕೂರಿಸಲು ಪುಣೆಗೆ ಹೋಗಿ ಪ್ರಮಾಣಪತ್ರ ತರುವುದು ಆಗುವ ಮಾತಲ್ಲ.

ಕಾಯ್ದೆ ತಿದ್ದದೆಯೂ ದಾರಿ ಮಾಡಬಹುದು. ನಿರ್ದಿಷ್ಟ ಉದ್ದೇಶಕ್ಕಾಗಿ ಮಾರ್ಪಾಡಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಸೆಕ್ಷನ್ 52 ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದನ್ನು ಬಳಸಿ ಮೂರು ಪಟ್ಟಿ ಪ್ರಕಟಿಸಲಿ: ಅನುಮತಿ ಬೇಡದ ಪರಿಕರ, ಪರೀಕ್ಷಿಸಿ ಆರ್‌ಸಿಯಲ್ಲಿ ನಮೂದಿಸಬೇಕಾದ ಬದಲಾವಣೆ, ಸಂಪೂರ್ಣ ನಿಷಿದ್ಧ. ಪರಿಕರ ಮಾರುವವರೇ ಅದರ ತೂಕ, ಯಾವ ವಾಹನಕ್ಕೆ ಸೂಕ್ತ ಎಂಬುದನ್ನು ಪ್ರಮಾಣೀಕರಿಸಿ ಕೊಡಲಿ. ಒಂದು ರಾಜ್ಯದಲ್ಲಿ ನಮೂದಾದದ್ದು ಎಲ್ಲ ರಾಜ್ಯಗಳಿಗೂ ಅನ್ವಯಿಸಲಿ. ಹೀಗಾದರೆ ಬುಲ್ ಬಾರ್ ಹಾಕಿದವನನ್ನು ಹಿಡಿಯುವುದೂ ಸುಲಭ, ಪ್ರಾಮಾಣಿಕ ಮಾಲೀಕನನ್ನು ಬಿಡುವುದೂ ಸುಲಭ. ಸಡಿಲಿಸಿದರೆ ಹುಚ್ಚಾಟ ಹೆಚ್ಚುತ್ತದೆ ಎಂಬ ಆತಂಕದಲ್ಲಿ ಹುರುಳಿಲ್ಲದಿಲ್ಲ. ಆದರೆ ನಿಷೇಧ ಇರುವಾಗಲೇ ಮಾರುಕಟ್ಟೆ ಇಷ್ಟು ಬೆಳೆದಿದೆ. ಕಣ್ಣಿಗೆ ಕಾಣದಂತೆ ನಡೆಯುವುದಕ್ಕಿಂತ ತೂಗಿ, ನೋಡಿ, ಬರೆದಿಟ್ಟುಕೊಂಡು ನಡೆಯುವುದು ಲೇಸು.

ಹೊರಡುವ ಮುನ್ನ

ಆ ದಿನ ಬರುವವರೆಗೆ ಕುಟುಂಬಗಳು ಮಾಡಬಹುದಾದದ್ದು ಇಷ್ಟು. ಬಿಚ್ಚಿಡಬಹುದಾದ ಸಾಮಾನಿಗೇ ಆದ್ಯತೆ ಕೊಡಿ. ಎಲ್ಲ ಪರಿಕರಗಳ ಬಿಲ್ ಇಟ್ಟುಕೊಳ್ಳಿ, ವಿಮಾ ಕಂಪನಿಗೆ ಇಮೇಲ್‌ನಲ್ಲಿ ತಿಳಿಸಿ, ಅವರ ಉತ್ತರವನ್ನೂ ಉಳಿಸಿಕೊಳ್ಳಿ. ಮುಚ್ಚಿದ ಕ್ಯಾನಪಿಯೊಳಗೆ ಒಲೆ, ಹೀಟರ್ ಹಚ್ಚಿ ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ವಾಹನ ಓಡುವಾಗ ಎಲ್ಲರೂ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡೇ ಇರಲಿ.

ಕೊನೆಯದಾಗಿ, ಎಲ್ಲ ಸಾಮಾನು ಹೇರಿ, ಮನೆಮಂದಿಯೆಲ್ಲ ಕುಳಿತ ಮೇಲೆ ಒಮ್ಮೆ ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ. ಎಪಿಎಂಸಿ ಯಾರ್ಡ್ ಇರುವ ಊರಿನಲ್ಲೆಲ್ಲ ಅದು ಇರುತ್ತದೆ, ನಾಗ್ಪುರದ ಕಡೆ 'ಧರಮ್ ಕಾಂಟಾ' ಎಂದರೆ ಯಾರಾದರೂ ತೋರಿಸುತ್ತಾರೆ. ಕೆಲಸ ಕೆಲವೇ ನಿಮಿಷಗಳದ್ದು. ಚೀಟಿಯಲ್ಲಿರುವ ಸಂಖ್ಯೆ ಆರ್‌ಸಿಯಲ್ಲಿರುವ ಗರಿಷ್ಠ ತೂಕಕ್ಕಿಂತ ಹೆಚ್ಚಿದ್ದರೆ ಏನನ್ನು ಇಳಿಸಬೇಕು ಎಂಬುದನ್ನು ಅಲ್ಲೇ ನಿಂತು ತೀರ್ಮಾನಿಸಿ, ಆಮೇಲೆ ಹೆದ್ದಾರಿ ಹಿಡಿಯಿರಿ.